ಕಾರ್ಖಾನೆ ನಿಂತರೂ ಗಾಣ ನಿಲ್ಲದು

ಕಬ್ಬು ನುರಿಸುವ ಕಾಲದಲ್ಲಿ ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯ ಕಡೆಗೆ ಹೋದವರಿಗೆ ಒಂದು ನೋಟ ಪರಿಚಿತವಾದುದು. ರಸ್ತೆಯುದ್ದಕ್ಕೂ ಕಾರ್ಖಾನೆಗೆ ಕಬ್ಬು ಹೊತ್ತ ಗಾಡಿಗಳ ಸಾಲು; ಎಲ್ಲಿಯೋ ಒಂದು ಹೊಲದ ಮೂಲೆಯಲ್ಲಿ ಗಾಣ ಹೂಡಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಒಂದು ಮನೆತನ. ಕಾರ್ಖಾನೆ ನಿಂತರೂ ಆ ಗಾಣ ತಿರುಗಬಲ್ಲುದು. ಹೊಲದಲ್ಲಿ ಕಬ್ಬು ಉಳಿದಿದ್ದರೆ ಸಾಕು. ಇಳಿವಯಸ್ಸಿನ ಗಂಡಸರನ್ನು ಕಾಡುವ ಪ್ರಾಸ್ಟೇಟ್ ಕ್ಯಾನ್ಸರಿನ ಕಥೆಯೂ ಹೆಚ್ಚುಕಡಿಮೆ ಇಂತಹದೇ.

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡಿರುವ ಅಡಿಕೆಗಿಂತ ಕೊಂಚ ದೊಡ್ಡ ಗ್ರಂಥಿಯೇ ಪ್ರಾಸ್ಟೇಟ್. ವೃಷಣಗಳಲ್ಲಿ ಹುಟ್ಟುವ ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ಇದನ್ನು ಪೋಷಿಸುತ್ತದೆ. ದುರ್ದೈವವಶಾತ್ ಅಲ್ಲಿ ಅರ್ಬುದ ಹುಟ್ಟಿದರೆ ಅದಕ್ಕೂ ಇದೇ ಆಹಾರ. ಷಿಕಾಗೋ ನಗರದ ಡಾ. ಚಾರ್ಲ್ಸ್ ಹಗ್ಗಿನ್ಸ್ ೧೯೪೧ರಲ್ಲಿ ಇದನ್ನು ತೋರಿಸಿಕೊಟ್ಟರು. ವೃಷಣಗಳನ್ನು ತೆಗೆದುಹಾಕಿದಾಗ, ರೋಗ ಎಲುಬಿಗಿಳಿದು ನೋವಿನಿಂದ ನರಳುತ್ತಿದ್ದವರೂ ಚೇತರಿಸಿಕೊಂಡರು. ೧೯೬೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಶಸ್ತ್ರಕ್ರಿಯೆಗೆ ಬದಲಾಗಿ ಚುಚ್ಚುಮದ್ದಿನಿಂದಲೇ ಆ ಕಾರ್ಖಾನೆಯನ್ನು ನಿಲ್ಲಿಸಬಹುದು.

ಆದರೆ ಈ ಸಂತೋಷಕ್ಕೆ ಆಯುಸ್ಸು ಕಡಿಮೆ. ಹಬ್ಬಿದ ರೋಗವುಳ್ಳ ಅನೇಕರಲ್ಲಿ ಒಂದೆರಡು ವರ್ಷಗಳಲ್ಲೇ ಅದು ಮತ್ತೆ ತಲೆಯೆತ್ತುತ್ತಿತ್ತು. ರಕ್ತದಲ್ಲಿ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆ! ಅರ್ಬುದಕ್ಕೆ ಇನ್ನು ಹಾರ್ಮೋನಿನ ಹಂಗಿಲ್ಲವೆಂದೇ ವೈದ್ಯರು ಬಹುಕಾಲ ಭಾವಿಸಿದ್ದರು. ಈ ಶತಮಾನದ ಆರಂಭದಲ್ಲಿ ಅರ್ಬುದದ ಚೂರನ್ನೇ ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು. ರಕ್ತದಲ್ಲಿ ಬತ್ತಿದ ಹಾರ್ಮೋನು ಅದರ ಒಡಲಲ್ಲಿ ಉಳಿದೇ ಇತ್ತು.

ಎಲ್ಲಿಂದ ಬಂತು? ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ. ಅವು ಒಂದು ಬಗೆಯ ಕಚ್ಚಾ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದೇ ಹೊಲದಲ್ಲುಳಿದ ಕಬ್ಬು. ಅರ್ಬುದದ ಜೀವಕೋಶಗಳು ಅದನ್ನು ಹೀರಿ, ಕಿಣ್ವಗಳ ಮೂಲಕ ಪಾಕ ಇಳಿಸಿಕೊಳ್ಳುತ್ತವೆ. ಕಿಣ್ವವೆಂದರೆ ಕೊಪ್ಪರಿಗೆಯ ಮುಂದೆ ನಿಂತ ನುರಿತ ಕೆಲಸಗಾರ. ತಾನು ಖರ್ಚಾಗದೆ ಒಂದನ್ನು ಇನ್ನೊಂದಾಗಿಸುವವನು. ಅವರಲ್ಲಿ ಫೈವ್-ಆಲ್ಫಾ ರಿಡಕ್ಟೇಸ್ ಎಂಬವನು ತಯಾರಿಸುವ ಡೈಹೈಡ್ರೊಟೆಸ್ಟೊಸ್ಟೆರೋನ್, ಟೆಸ್ಟೊಸ್ಟೆರೋನಿಗಿಂತಲೂ ಪ್ರಬಲ. ತ್ರೀ-ಬೀಟಾ ವರ್ಗದ ಇನ್ನೊಂದು ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಬೇಗ ನಶಿಸದಂತಹ ರೂಪದಲ್ಲಿರುತ್ತದೆಂದು ೨೦೧೩ರಲ್ಲಿ ತಿಳಿದುಬಂದಿತು. ಇಂತಹವರಲ್ಲಿ ಹಾರ್ಮೋನು ತಡೆಯುವ ಚಿಕಿತ್ಸೆ ಬೇಗನೆ ಸೋಲುವುದುಂಟು. ಚಿಕಿತ್ಸೆ ಸೋತಿತೆಂದು ರೋಗಿಯ ಪಥ್ಯವನ್ನೋ ಗ್ರಹಚಾರವನ್ನೋ ದೂರುವವರು ಇದನ್ನು ಅರಿತಿರುವುದು ಒಳ್ಳೆಯದು.

ಕಬ್ಬನ್ನು ಬೇರಿನಲ್ಲೇ ಕಡಿಯುವ ಔಷಧವೂ ಬಂದಿದೆ. ಲಂಡನ್ನಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಅಬಿರಾಟೆರೋನ್, ಸಿಪ್-೧೭ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ೨೦೧೧ರಲ್ಲಿ ಅಮೆರಿಕೆಯಲ್ಲಿ ಇದಕ್ಕೆ ಅನುಮತಿ ದೊರೆಯಿತು. ಬೇರೆ ಮದ್ದುಗಳೆಲ್ಲ ಸೋತವರಲ್ಲಿ ಇದು ಕೂಡಿಸಿದ್ದು ಸರಾಸರಿ ನಾಲ್ಕು ತಿಂಗಳಷ್ಟೇ ಎಂದರೆ ಅಲ್ಪವೆನಿಸೀತು. ಆದರೆ ಹಬ್ಬಿದ ರೋಗಕ್ಕೆ ಮೊದಲಿನಿಂದಲೇ ಕೊಟ್ಟಾಗ ಮರಣದ ಅಪಾಯ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಇಳಿಯುವುದೆಂದು ೨೦೧೭ರಲ್ಲಿ ಸಿದ್ಧವಾಯಿತು.

ರಾತ್ರಿ ಮೂರು ನಾಲ್ಕು ಸಲ ಏಳುವ ಅಜ್ಜಂದಿರೆಲ್ಲರಿಗೂ ಕ್ಯಾನ್ಸರ್ ಇದೆಯೆಂದು ಯಾರೂ ಗಾಬರಿಪಡಬೇಕಿಲ್ಲ. ಬಹುಪಾಲು ಅದು ಗ್ರಂಥಿಯ ಸಾಧುವಾದ ಊತವೇ. ಆದರೆ ಮೂತ್ರದಲ್ಲಿ ರಕ್ತ, ಬಿಡದ ಸೊಂಟನೋವು ಕಂಡಾಗ ನಾಚಿಕೆಯಿಂದ ಮುಚ್ಚಿಡಲಾಗದು. ೧೮೯೪ರಲ್ಲಿ ಡಾ. ವಾನ್ಲೆಸ್ ಆಸ್ಪತ್ರೆ ತೆರೆದ ಕಾಲದಿಂದಲೂ ಈ ಸೀಮೆಯವರಿಗೆ ಮಿರಜಿನ ದಾರಿ ಗೊತ್ತು. ರಾಯಬಾಗದಿಂದ ರೈಲೂ ಇದೆ.

ಇನ್ನು, ಮನೆಯ ಗೃಹಿಣಿಯರಿಗೊಂದು ಮಾತು. ಅಬಿರಾಟೆರೋನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಬೇಕು: ಎರಡು ಗಂಟೆ ಮೊದಲು, ಒಂದು ಗಂಟೆ ಅನಂತರ ಆಹಾರ ಕೂಡದು. ಉಂಡಮೇಲೆ ನುಂಗಿದರೆ ಔಷಧ ಹಲವು ಪಟ್ಟು ಹೆಚ್ಚಾಗಿ ರಕ್ತಕ್ಕಿಳಿಯುತ್ತದೆ. ಜೊತೆಗೆ ಸ್ಟೆರಾಯ್ಡ್ ಮಾತ್ರೆಯುಂಟು, ರಕ್ತದೊತ್ತಡದ ತಪಾಸಣೆಯುಂಟು. "ಒಂದು ರೊಟ್ಟಿ ತಿಂದು ಔಷಧ ತಗೊಳ್ರಿ ಮಾವಾ" ಎನ್ನುವ ಸೊಸೆಯ ಪ್ರೀತಿ ಇಲ್ಲಿ ಒಂದು ತಾಸು ಕಾಯಬೇಕಾಗುತ್ತದೆ.