ಅಣ್ಣಂದಿರು ಮಾರಿದ ತಮ್ಮ

ಸಕಲೇಶಪುರ, ಆಲೂರು ಕಡೆ ಕಾಫಿ ತೋಟಗಳಿಗೆ ಹೂಮಳೆ ಬೀಳುವ ಹೊತ್ತಿಗೆ ಕ್ರೈಸ್ತರಿಗೆ ತಪಸ್ಸು ಕಾಲ. ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಚೆರ್ರಿ ಮೂಟೆಗೆ ಸೇರಿ, ಲೆಕ್ಕದ ಪುಸ್ತಕ ತೆರೆಯುವ ದಿನಗಳೂ ಅವೇ. ಅಪ್ಪನ ಸಾಲ, ತೋಟದ ಪಾಲು, ಅಕ್ಕತಂಗಿಯರ ಸಹಿ, ಎಲ್ಲವೂ ಆಗಲೇ ಮಾತಿಗೆ ಬರುತ್ತವೆ. ಮಂಗಳೂರಿನಿಂದಲೋ ಕೇರಳದಿಂದಲೋ ಘಟ್ಟ ಹತ್ತಿ ಬಂದು ಒಟ್ಟಿಗೆ ದುಡಿದ ಮನೆತನಗಳಲ್ಲೂ ಒಂದು ಹಕ್ಕು ಬಿಡುಗಡೆ ಪತ್ರ ಸಾಕು, ಒಡಹುಟ್ಟಿದವರು ಬಲಿಪೂಜೆಗೆ ಬೇರೆ ಬೇರೆ ಹೊತ್ತಿಗೆ ಬರತೊಡಗುತ್ತಾರೆ.

ಪೆಟ್ಟು ತಿಂದವರಿಗೆ ಸಿಗುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: "ಹೋಗ್ಲಿ ಬಿಡಮ್ಮ, ಯೇಸುಸ್ವಾಮಿ ಕ್ಷಮಿಸಲಿಲ್ವಾ?" ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಇಷ್ಟು ಅವಸರ ಬೈಬಲಿನಲ್ಲಿಲ್ಲ.

55ನೇ ಕೀರ್ತನೆಯನ್ನೇ ನೋಡಬಹುದು. ಅಲ್ಲಿ ಗೋಳಾಡುವವನಿಗೆ ನೋವು ಕೊಟ್ಟವನು ಶತ್ರುವಲ್ಲ, ಜೊತೆಯಲ್ಲೇ ದೇವಾಲಯಕ್ಕೆ ನಡೆಯುತ್ತಿದ್ದ ಗೆಳೆಯ. ಪಾರಿವಾಳವಾಗಿ ಎಲ್ಲಿಗಾದರೂ ಹಾರಿಹೋಗಬೇಕೆನ್ನುವ ತಳಮಳ, ದ್ರೋಹಿಗಳು ನಾಶವಾಗಲೆಂಬ ಶಾಪ, ಎರಡನ್ನೂ ಅವನು ದೇವರ ಮುಂದೆಯೇ ಸುರಿಯುತ್ತಾನೆ. ಅಷ್ಟೂ ಪ್ರಾರ್ಥನೆಯೇ.

ಏಳೆಪ್ಪತ್ತು ಸಲ ಕ್ಷಮಿಸಬೇಕೆಂಬ ಮಾತು ಬರುವುದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ. ಅದೇ ಅಧ್ಯಾಯದಲ್ಲಿ ಅದಕ್ಕೂ ಮೊದಲು ಇನ್ನೊಂದು ದಾರಿ ಹೇಳಿದೆ: ತಪ್ಪು ಮಾಡಿದ ಸಹೋದರನಿಗೆ ಒಬ್ಬನೇ ಹೋಗಿ ತಪ್ಪನ್ನು ತೋರಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಕ್ಷಮಿಸು ಎಂದ ಬಾಯೇ ಹೋಗಿ ನ್ಯಾಯ ಕೇಳು ಎಂದೂ ಹೇಳಿದೆ. ಮೊದಲನೆಯದನ್ನು ಮಾತ್ರ ನೆನಪಿಸುವುದು ನೊಂದವರಿಗೆ ಮಾಡುವ ಇನ್ನೊಂದು ಅನ್ಯಾಯ.

ಕಾನೂನೂ ಕೇಳುವವರ ಪರವಾಗಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಕ್ರೈಸ್ತ ಹೆಂಡತಿಗೆ ಮೂರರಲ್ಲೊಂದು ಪಾಲು, ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮವಾಗಿ. ಕೇರಳದ ಹಳೆಯ ತಿರುವಾಂಕೂರು ಸೀಮೆಯ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ಈ ಹಕ್ಕು ದಕ್ಕಿದ್ದು 1986ರಲ್ಲಿ, ಮೇರಿ ರಾಯ್ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ಅವರ ಜಗಳವೂ ಒಡಹುಟ್ಟಿದವನ ಜೊತೆಗೇ ಇತ್ತು. ತನ್ನ ಪಾಲು ಕೇಳಿದವಳು ಕ್ಷಮಿಸದವಳೆಂದು ಯಾರೂ ತೀರ್ಪು ಕೊಡಬೇಕಾಗಿಲ್ಲ. ಇನ್ನು ನಿದ್ದೆಗೆಟ್ಟು, ಊಟ ಸೇರದೆ ಒಳಗೊಳಗೇ ಕುದಿಯುವವರಿಗೆ ಫಾದರ್ ಜೊತೆಗಿನ ಮಾತು ಒಂದು ಆಸರೆಯಾದರೆ, ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416 ಇನ್ನೊಂದು. ಅಲ್ಲಿಗೆ ಫೋನ್ ಮಾಡಿದರೆ ವಿಶ್ವಾಸ ಕಡಿಮೆಯಾಯಿತೆಂದು ಅರ್ಥವಲ್ಲ.

ಪಾಲಿನ ಜಗಳದ ಮನೆಗಳಿಗೆ ತೀರ ಹತ್ತಿರವಾಗುವ ಕಥೆ ಆದಿಕಾಂಡದ ಯೋಸೇಫನದು. ಅವನು 17ರ ಹುಡುಗ. ಅಪ್ಪನ ಮುದ್ದಿನ ಮಗನೆಂಬ ಹೊಟ್ಟೆಕಿಚ್ಚಿಗೆ ಅಣ್ಣಂದಿರು ಅವನ ಅಂಗಿ ಬಿಚ್ಚಿ ಗುಂಡಿಗೆ ತಳ್ಳಿ, ಅಲ್ಲೇ ಊಟಕ್ಕೆ ಕೂರುತ್ತಾರೆ. ಆಮೇಲೆ 20 ಬೆಳ್ಳಿ ನಾಣ್ಯಕ್ಕೆ ಮಾರಿಬಿಡುತ್ತಾರೆ. ಮಾರೋಣವೆಂದವನು ಯೆಹೂದ.

ಸುಮಾರು 22 ವರ್ಷದ ನಂತರ, ಬರಗಾಲದಲ್ಲಿ, ಅದೇ ಅಣ್ಣಂದಿರು ಧಾನ್ಯ ಕೇಳಿಕೊಂಡು, ಅಷ್ಟರಲ್ಲಿ ಈಜಿಪ್ಟಿನ ಅಧಿಪತಿಯಾಗಿದ್ದ ಅವನ ಎದುರಿಗೇ ಬಂದು ಅಡ್ಡಬೀಳುತ್ತಾರೆ. ಯೋಸೇಫ ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ಗುರುತು ಕೊಡದೆ ದುಭಾಷಿಯ ಮೂಲಕ ಗಡುಸಾಗಿ ಮಾತನಾಡಿದ, ಮರೆಗೆ ಹೋಗಿ ಅತ್ತ. ಸಿಮೆಯೋನನನ್ನು ಒತ್ತೆ ಹಿಡಿದು ಉಳಿದವರ ಚೀಲಗಳಿಗೆ ಧಾನ್ಯವನ್ನೂ ತುಂಬಿಸಿದ. ಎರಡನೇ ಸಲ ಬಂದಾಗ ಕಿರಿಯವನಾದ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿ ಬಟ್ಟಲು ಅಡಗಿಸಿಟ್ಟು, ಇವನೊಬ್ಬನೇ ಗುಲಾಮನಾಗಿ ಉಳಿಯಲಿ ಎಂದ. ಈ ತಮ್ಮನನ್ನೂ ಬಿಟ್ಟುಹೋಗುತ್ತಾರೋ ಇಲ್ಲವೋ, ಅವನಿಗೆ ತಿಳಿಯಬೇಕಿತ್ತು. ಆಗ ಮುಂದೆ ಬಂದವನು ಯೆಹೂದನೇ: ಹುಡುಗನ ಬದಲಿಗೆ ನನ್ನನ್ನು ಇಟ್ಟುಕೊಳ್ಳಿ. ಯೋಸೇಫ ಅರಮನೆಗೆಲ್ಲ ಕೇಳುವಂತೆ ಅತ್ತದ್ದು, ತಾನು ಯಾರೆಂದು ಹೇಳಿದ್ದು ಅದಾದ ಮೇಲೆ.

ಕೇಡು ಬಯಸುವುದನ್ನು ಅವನು ಎಂದೋ ಬಿಟ್ಟಿದ್ದಿರಬೇಕು. ಹಸಿದವರಿಗೆ ಕಾಳು ಕೊಟ್ಟೇ ಕಳಿಸಿದ. ನಂಬಿಕೆ ಮಾತ್ರ ಯೆಹೂದ ಬದಲಾಗಿದ್ದಾನೆಂದು ಕಂಡ ಮೇಲೆ ಬಂತು. ಅದೂ ಒಂದು ಕಡೆಯಿಂದ ಮಾತ್ರ. ಈಜಿಪ್ಟಿಗೆ ಬಂದು 17 ವರ್ಷ ಬಾಳಿದ ಅಪ್ಪ ಯಾಕೋಬ ತೀರಿಕೊಂಡಾಗ, ಈಗ ಸೇಡು ತೀರಿಸಿಕೊಳ್ಳುತ್ತಾನೆಂದು ಹೆದರಿದ ಅಣ್ಣಂದಿರು, ಕ್ಷಮಿಸಬೇಕೆಂದು ಅಪ್ಪನೇ ಹೇಳಿದ್ದಾನೆಂದು ಹೇಳಿಕಳಿಸಿದರು. ಯೋಸೇಫ ಮತ್ತೆ ಅತ್ತ. ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ನಾನು ಸಾಕುತ್ತೇನೆ ಎಂದು ಅವರನ್ನು ಸಮಾಧಾನಪಡಿಸಿದ.