ಎಲ್ಲ ನುಸಿಯೂ ಶತ್ರುವಲ್ಲ: ತರಗೆಲೆಯಡಿಯ ಹೊಸ ಪ್ರಭೇದಗಳು

ನುಸಿ ಅಂದ ಕೂಡಲೇ ನಮಗೆ ನೆನಪಾಗೋದು ತೆಂಗಿನಕಾಯಿ ನುಸಿ, ಮೆಣಸಿನ ಗಿಡದ ಎಲೆ ಮುದುಡಿಸುವ ನುಸಿ. ಆದರೆ ಬೆಳೆಯ ತಂಟೆಗೇ ಬಾರದ ನುಸಿಗಳು ಮಣ್ಣಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ದೊಡ್ಡ ಗುಂಪು ಒರಿಬ್ಯಾಟಿಡ್ ನುಸಿಗಳದ್ದು. ಎಂಟು ಕಾಲು, ಗಟ್ಟಿ ಕವಚ. ಹೆಚ್ಚಿನವು 1 ಮಿ.ಮೀ.ಗಿಂತ ಚಿಕ್ಕವು. ಈವರೆಗೆ ಹೆಸರಿಟ್ಟಿರುವುದೇ 10,000ಕ್ಕೂ ಹೆಚ್ಚು ಪ್ರಭೇದ. ಉಷ್ಣವಲಯದ ಕಾಡುಗಳಲ್ಲಿ ಇನ್ನೂ ಹೊಸವು ಸಿಗುತ್ತಲೇ ಇವೆ. ದಕ್ಷಿಣ ವಿಯೆಟ್ನಾಂನ ಕ್ಯಾಟ್ ಟಿಯೆನ್ ರಾಷ್ಟ್ರೀಯ ಉದ್ಯಾನದಿಂದ ರಷ್ಯಾದ ವಿಜ್ಞಾನಿ ಸೆರ್ಗೈ ಎರ್ಮಿಲೋವ್ ಮತ್ತು ಸಂಗಡಿಗರು ಇಂಥ ಹಲವು ಪ್ರಭೇದಗಳನ್ನು ವಿವರಿಸಿದ್ದಾರೆ.

ಹೊಸದು ಅಂತ ಹೇಗೆ ಗೊತ್ತಾಗುತ್ತೆ?

ಕಾಡಿನ ತರಗೆಲೆ, ಮೇಲ್ಮಣ್ಣನ್ನು ಜರಡಿಯ ಮೇಲಿಟ್ಟು ಕೆಳಗೆ ಆಲಿಕೆ ಇಡುತ್ತಾರೆ, ಮೇಲೆ ಬಲ್ಬ್ ಉರಿಸುತ್ತಾರೆ. ಎಲೆ ಒಣಗುತ್ತಾ ಬಂದ ಹಾಗೆ ನುಸಿಗಳು ತಂಪು ಹುಡುಕಿ ಕೆಳಗಿಳಿದು ಆಲ್ಕೋಹಾಲ್ ಇರುವ ಶೀಶೆಗೆ ಬೀಳುತ್ತವೆ. ಲ್ಯಾಕ್ಟಿಕ್ ಆಮ್ಲದಲ್ಲಿಟ್ಟು ಕವಚವನ್ನು ತಿಳಿಯಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೆನ್ನ ಮೇಲೆ, ಕಾಲುಗಳ ಮೇಲೆ ರೋಮ ಎಷ್ಟು, ಎಲ್ಲೆಲ್ಲಿ, ಯಾವ ಆಕಾರ ಅಂತ ಎಣಿಸಿ, ಅಳೆದು, ಚಿತ್ರ ಬಿಡಿಸುತ್ತಾರೆ. ಹತ್ತಿರದ ಪ್ರಭೇದಗಳ ಜೊತೆ ಹೋಲಿಸಿ, ಯಾವುದಕ್ಕೂ ತಾಳೆಯಾಗದಿದ್ದರೆ ಹೊಸ ಹೆಸರು. ಒಂದು ನುಸಿಯನ್ನು ಮೂಲ ಮಾದರಿಯಾಗಿ ಸಂಗ್ರಹಾಲಯದಲ್ಲಿ ಉಳಿಸುತ್ತಾರೆ. ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ನೋಡಬೇಕು.

ನಮ್ಮ ತೋಟಕ್ಕೆ ಇದರಿಂದೇನು?

ಈ ನುಸಿಗಳಲ್ಲಿ ಹೆಚ್ಚಿನವು ಕೊಳೆತ ಎಲೆ, ಶಿಲೀಂಧ್ರ ತಿನ್ನುತ್ತವೆ. ಎಲೆ ಪುಡಿಯಾಗಿ ಹಿಕ್ಕೆಯಾದರೆ ಸೂಕ್ಷ್ಮಾಣುಗಳ ಕೆಲಸ ಸುಲಭ. ಶಿಲೀಂಧ್ರದ ಬೀಜಕಣಗಳೂ ಇವುಗಳ ಜೊತೆ ಹರಡುತ್ತವೆ. ಆದರೆ ಇವುಗಳ ಸಂತಾನ ವೃದ್ಧಿ ಬಹಳ ನಿಧಾನ. ಎಲೆ ತಿನ್ನುವ ಕೆಂಪು ನುಸಿ ಬೇಸಿಗೆಯಲ್ಲಿ ಒಂದೆರಡು ವಾರಕ್ಕೇ ಹೊಸ ಪೀಳಿಗೆ ಮಾಡಿಕೊಳ್ಳುತ್ತೆ. ಒರಿಬ್ಯಾಟಿಡ್‌ಗಳಲ್ಲಿ ಎಷ್ಟೋ ಪ್ರಭೇದಕ್ಕೆ ಮೊಟ್ಟೆಯಿಂದ ಬೆಳೆದು ನಿಲ್ಲಲು ತಿಂಗಳುಗಳೇ ಬೇಕು. ಹಾಗಾಗಿ ಒಮ್ಮೆ ಬೆಂಕಿ ಹಾಕಿದರೆ, ಪದೇ ಪದೇ ಉಳುಮೆ ಮಾಡಿದರೆ ಇವು ಬೇಗ ಚೇತರಿಸಿಕೊಳ್ಳೋದಿಲ್ಲ. ಕಾಡು ಕಡಿದ ಕಡೆಯಂತೂ ಕೆಲವು ಪ್ರಭೇದ ಹೆಸರು ಪಡೆಯುವ ಮೊದಲೇ ಹೋಗಿಬಿಡಬಹುದು.

ಹಾಗಾಗಿ ಇಷ್ಟು ಮಾಡಿ:

- ತರಗೆಲೆ ಸುಡಬೇಡಿ, ಗಿಡದ ಬುಡಕ್ಕೆ ಮುಚ್ಚಿಗೆ ಮಾಡಿ.
- ಬುಡದ ಮಣ್ಣನ್ನು ಪದೇ ಪದೇ ಕೆದಕಬೇಡಿ.
- ಮುಚ್ಚಿಗೆಯಲ್ಲಿ ನುಸಿ ಕಂಡಿತು ಅಂತ ಔಷಧಿ ಹೊಡೆಯಬೇಡಿ. ಎಲೆಯಡಿ ಬಲೆ, ಚುಕ್ಕೆ ಅಥವಾ ಮುದುಡು ಇದೆಯಾ ಅಂತ ಮೊದಲು ನೋಡಿ.

ಅನುಮಾನವಿದ್ದರೆ ಒಂದು ಹಿಡಿ ಕೊಳೆತ ಎಲೆಯನ್ನು ಬಿಳಿ ತಟ್ಟೆಯ ಮೇಲೆ ಕೊಡವಿ, ಭೂತಗನ್ನಡಿಯಲ್ಲಿ ನೋಡಿ. ನಿಧಾನವಾಗಿ ಹೊರಳಾಡುವ ಹೊಳೆಯುವ ಕಂದು ಕಾಳುಗಳು ಕಂಡರೆ, ಅವು ಬಹುಶಃ ಇವೇ.