ಹಿಂಭಾರದ ಬಂಡಿಗೆ ಬೋಳು ಟೈರು

ಹೊನ್ನವಳ್ಳಿಯಿಂದ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿಯ ಚೀಲಗಳನ್ನು ಟೈರುಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ, ಗಾಡಿಯ ಭಾರವನ್ನು ಅಚ್ಚಿನ ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಹಂಚಬೇಕೆಂಬ ಶಾಸ್ತ್ರವನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಮುಂಭಾರವಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುವುದು. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು, ಜತ್ತಿಗೆಯು ಅವುಗಳ ಕೊರಳನ್ನು ಬಿಗಿಯುವುದು. ಎಂಜಿನನ್ನು ಹಿಂದಿನ ಅಚ್ಚಿಗೂ ಆಚೆ ನೇತುಹಾಕಿ, ಅದನ್ನೇ ಪಂದ್ಯದ ಓಣಿಯಲ್ಲಿ ಇನ್ನೂರು ಕಿಲೋಮೀಟರಿನ ವೇಗದಲ್ಲಿ ತಿರುಗಿಸಹೊರಟವರಿಗೆ ಎದುರಾದ ಸಮಸ್ಯೆಯೂ ತತ್ತ್ವತಃ ಇದೇ. ಎತ್ತಿನ ಕೊರಳಿಗೆ ಬದಲಾಗಿ ಇಲ್ಲಿ ಮುಂದಿನ ಎರಡು ಟೈರುಗಳಿವೆಯೆಂಬುದಷ್ಟೇ ವ್ಯತ್ಯಾಸ.

ಫಾರ್ಮುಲಾ ಒನ್ ಕಾರಿನ ಎಂಜಿನು ಸಾರಥಿಯ ಬೆನ್ನಿಗಿದ್ದರೂ ಹಿಂದಿನ ಅಚ್ಚಿನ ಮುಂದೆಯೇ ಇರುವುದರಿಂದ ಅದು ಈ ಪಂಕ್ತಿಗೆ ಸೇರದು. ನಿಜವಾದ ಹಿಂಭಾರದ ಕಾರೆಂದರೆ ಜರ್ಮನಿಯ ಪೋರ್ಷೆ 911. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಆ ಕಾರಿನಲ್ಲಿ ತೂಕದ ಸುಮಾರು ಐದರಲ್ಲಿ ಮೂರು ಪಾಲು ಹಿಂದಿನ ಗಾಲಿಗಳ ಮೇಲೆಯೇ ಕುಳಿತಿತ್ತು. ತಿರುವಿನಲ್ಲಿ ಬಾಲವು ಲೋಲಕದಂತೆ ಹೊರಕ್ಕೆ ಬೀಸುವುದೆಂಬ ದೂರು ಬಂದಾಗ, ಆರಂಭದ ಕಾರುಗಳ ಮುಂದಿನ ಬಂಪರಿನೊಳಗೆ ತಲಾ 11 ಕಿಲೋಗ್ರಾಮಿನ ಬೀಡುಕಬ್ಬಿಣದ ಗಟ್ಟಿಗಳನ್ನು ಅಡಗಿಸಿದರು. ಅನಂತರ 1969ರ ಮಾದರಿಯಲ್ಲಿ ಹಿಂದಿನ ಗಾಲಿಗಳನ್ನು 57 ಮಿಲಿಮೀಟರು ಹಿಂದಕ್ಕೆ ಸರಿಸಿದರು. ಹಿಂಭಾರವಾದ ಗಾಡಿಯ ಮೂಕಿಯ ಮೇಲೆ ಹುಡುಗನೊಬ್ಬನನ್ನು ಕೂರಿಸುವ ನಮ್ಮೂರಿನ ಉಪಾಯಕ್ಕಿಂತ ಆ ಬೀಡುಕಬ್ಬಿಣದ ಗಟ್ಟಿ ಹೆಚ್ಚಿನ ಬುದ್ಧಿಯದೆಂದು ನನಗೆ ತೋರುವುದಿಲ್ಲ.

ಇನ್ನು ಬೋಳು ಟೈರಿನ ವಿಚಾರ. ಪಂಕ್ಚರ್ ಅಂಗಡಿಯವನು ನಮ್ಮ ಟೈರನ್ನು ಸವರಿ ನೋಡಿ ‘ಬೋಳಾಗಿದೆ ಸ್ವಾಮಿ’ ಎಂದರೆ ಅದು ಅಪಾಯದ ಸೂಚನೆ. ಪಂದ್ಯದಲ್ಲಾದರೋ ಸ್ಲಿಕ್ ಎಂಬ ಆ ಟೈರು ಹುಟ್ಟುವುದೇ ಬೋಳಾಗಿ. ಗೀರುಗಳ ಪ್ರಯೋಜನವೆಲ್ಲ ಮಳೆನೀರನ್ನು ಹೊರಹಾಕುವುದರಲ್ಲಿರುವುದರಿಂದ, ಒಣಗಿದ ಡಾಂಬರಿನ ಮೇಲೆ ಪ್ರತಿಯೊಂದು ಗೀರೂ ನೆಲವನ್ನು ಮುಟ್ಟದೆ ವ್ಯರ್ಥವಾದ ಜಾಗವಾಗುವುದಲ್ಲದೆ, ಗೀರುಗಳ ನಡುವಣ ರಬ್ಬರಿನ ತುಂಡುಗಳು ಅತ್ತಿತ್ತ ಹೊಯ್ದಾಡಿ ಅನಗತ್ಯವಾಗಿ ಕಾಯುವುವು. ಫಾರ್ಮುಲಾ ಒನ್ ಪಂದ್ಯಕ್ಕೆ 1971ರಲ್ಲಿ ಬಂದ ಸ್ಲಿಕ್ಕುಗಳು, ವೇಗವನ್ನು ತಗ್ಗಿಸುವ ಸಲುವಾಗಿ 1998ರಿಂದ 2008ರವರೆಗೆ ಬಹಿಷ್ಕೃತವಾಗಿದ್ದು, 2009ರಲ್ಲಿ ಮರಳಿ ಬಂದವು. ಸವೆದ ಟೈರೂ ಸ್ಲಿಕ್ಕೂ ಒಂದೇ ಎಂದು ಮಾತ್ರ ಯಾರೂ ಭಾವಿಸಬಾರದು. ರಸ್ತೆಯ ಟೈರು ಹತ್ತಾರು ಸಾವಿರ ಕಿಲೋಮೀಟರು ಬಾಳಲೆಂದು ಗಡುಸಾಗಿ ಹದಗೊಂಡದ್ದು. ಸ್ಲಿಕ್ಕಿನ ರಬ್ಬರು ಕೆಲವು ನೂರು ಕಿಲೋಮೀಟರಿನಲ್ಲಿ ತನ್ನನ್ನು ತಾನೇ ತೆತ್ತುಕೊಳ್ಳಲೆಂದು ಮೃದುವಾಗಿ ಹದಗೊಂಡದ್ದು.

ಹಿಂದೆ ಭಾರ ಹೆಚ್ಚು, ಆದ್ದರಿಂದ ಹಿಂದಕ್ಕೆ ಅಗಲವಾದ ಟೈರು ಹಾಕಿದರಾಯಿತು ಎಂದು ಯಾರಿಗಾದರೂ ಹೊಳೆಯುವುದು ಸಹಜ. ಟಾಟಾ ನ್ಯಾನೋ ಕಾರಿನಲ್ಲಿ ಕೂಡ, ಎಂಜಿನು ಹಿಂದಿದ್ದುದರಿಂದ, ಮುಂದೆ 135 ಮಿಲಿಮೀಟರು, ಹಿಂದೆ 155 ಮಿಲಿಮೀಟರು ಅಗಲದ ಟೈರುಗಳಿದ್ದುವು. ಇದಕ್ಕೆ ಕಾರಣವುಂಟು. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಅದರ ಹಿಡಿತವೂ ಹೆಚ್ಚುವುದು ನಿಜ, ಆದರೆ ಇಮ್ಮಡಿಯಾಗದು. ಹೀಗೆ ಹೆಚ್ಚು ಭಾರ ಹೊತ್ತ ಹಿಂದಿನ ಗಾಲಿಗಳಿಗೆ ತೂಕದ ಪ್ರಮಾಣಕ್ಕೆ ತಕ್ಕಷ್ಟು ಹಿಡಿತ ದೊರೆಯದಿರಲು, ಸಾರಥಿಯು ತಿರುವಿನ ನಡುವೆ ಬೆದರಿ ಆಕ್ಸಿಲರೇಟರಿನಿಂದ ಕಾಲೆತ್ತಿದನೆಂದರೆ, ಭಾರದ ಒಂದಂಶ ಥಟ್ಟನೆ ಮುಂದಕ್ಕೆ ಸರಿದು, ಹಗುರಾದ ಬಾಲವು ಅವನನ್ನು ಹಿಂದುಮುಂದಾಗಿ ತಿರುಗಿಸಿಬಿಡುವುದು.

ಆದರೆ ಹಿಂದಿನ ಅಗಲವನ್ನೇ ಬೆಳೆಸುತ್ತ ಹೋದವನಿಗೆ ಬೇರೊಂದು ಶಿಕ್ಷೆ ಕಾದಿರುತ್ತದೆ: ಬಾಲವು ನೆಲಕ್ಕಂಟಿಕೊಂಡು ಮೂತಿಯನ್ನು ನೇರಕ್ಕೆ ನೂಕುವುದು, ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಕಾರು ತಿರುವಿನ ಹೊರಗಂಚಿಗೇ ಜಾರುವುದು. ಆದ್ದರಿಂದ ಹಿಂಭಾರದ ಕಾರಿಗೆ ಸ್ಲಿಕ್ಕನ್ನು ಆರಿಸುವವನು ವಾಸ್ತವದಲ್ಲಿ ಆರಿಸಬೇಕಾದದ್ದು ಮುಂದಿನ ಟೈರನ್ನು ಎಂಬುದೇ ನನ್ನ ಮತ. ಪೋರ್ಷೆಯವರು 911ರಿಂದಲೇ ಮಾಡಿದ ಪಂದ್ಯದ ಕಪ್ ಕಾರಿನ ಇತಿಹಾಸವೇ ಇದಕ್ಕೆ ಸಾಕ್ಷಿ. ಅದರ ಹಿಂದಿನ ಪೀಳಿಗೆಯಲ್ಲಿ ಮುಂದಿನ ಸ್ಲಿಕ್ಕಿನ ಅಳತೆ 27/65-18, ಹಿಂದಿನದು 31/71-18. ಎಂದರೆ ಸೆಂಟಿಮೀಟರಿನಲ್ಲಿ ಅಗಲ ಮತ್ತು ವ್ಯಾಸ, ಅಂಗುಲದಲ್ಲಿ ರಿಮ್ಮು. 2021ರಲ್ಲಿ ಓಣಿಗಿಳಿದ ಹೊಸ ಪೀಳಿಗೆಯಲ್ಲಿ ಹಿಂದಿನ ಅಳತೆ ಕದಲದೆ ಉಳಿಯಿತು. ಮುಂದಿನದು ಮಾತ್ರ 27ರಿಂದ 30ಕ್ಕೆ ಅಗಲವಾಯಿತು.

ಬೆಂಗಳೂರಿನ ಅರ್ಜುನ್ ಮೈನಿಯವರು 2021ರಿಂದ ಜರ್ಮನಿಯ ಡಿಟಿಎಂ ಪಂದ್ಯಗಳಲ್ಲಿ ಓಡಿಸುತ್ತಿರುವ ಮರ್ಸಿಡಿಸ್, ಫೋರ್ಡ್ ಕಾರುಗಳು ಮುಂದೆ ಎಂಜಿನು ಹೊತ್ತವು. ಅವರ ಎದುರಾಳಿಗಳಲ್ಲಿ ಈ 911ಗಳೂ ಉಂಟು, 2023ರ ಪ್ರಶಸ್ತಿಯನ್ನು ಗೆದ್ದದ್ದೂ ಅಂಥದೊಂದು 911. ಆ ವರ್ಷದಿಂದ ಅಲ್ಲಿ ಎಲ್ಲರಿಗೂ ಪಿರೆಲ್ಲಿಯವರ ಟೈರೇ ಕಡ್ಡಾಯವಾದ್ದರಿಂದ, ಟೈರಿನ ಮಟ್ಟಿಗೆ ಸ್ಪರ್ಧಿಯ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ಗಾಲಿಯ ಓರೆ ಮತ್ತು ಒಳಗಿನ ಗಾಳಿ. ಕೊಯಮತ್ತೂರಿನ ಕರಿ ಓಣಿಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಗಡಿ ದಾಟಿ ಹೋಗುವ ನಮ್ಮ ಹವ್ಯಾಸಿಗಳು ಕಲಿಯತಕ್ಕದ್ದೂ ಮೊದಲು ಈ ಎರಡನ್ನೇ.

ಸ್ಲಿಕ್ಕಿನ ರಬ್ಬರು ಸುಮಾರು 80ರಿಂದ 100 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯ್ದ ಮೇಲೆಯೇ ಅಂಟಿನ ಗುಣವನ್ನು ತೋರುವುದು. ತಣ್ಣಗಿರುವ ಸ್ಲಿಕ್ಕು ಸಾಮಾನ್ಯ ಟೈರಿಗಿಂತಲೂ ಅವಿಶ್ವಾಸಿ. ಹಿಂಭಾರದ ಕಾರಿನಲ್ಲಿ ಭಾರವನ್ನೂ ಎಂಜಿನಿನ ಎಳೆತವನ್ನೂ ಹೊತ್ತ ಹಿಂದಿನ ಜೊತೆ ಬೇಗ ಕಾಯುವುದು, ಹಗುರಾದ ಮುಂದಿನ ಜೊತೆ ಹಿಂದುಳಿಯುವುದು. ಮೊದಲ ಸುತ್ತುಗಳಲ್ಲಿ ಮೂತಿ ಮಾತು ಕೇಳದಿದ್ದರೆ ಅದಕ್ಕಾಗಿ ಟೈರನ್ನು ಬಯ್ಯಬಾರದು. ತಣ್ಣಗಿರುವಾಗ 20 ಪೌಂಡಿನ ಆಸುಪಾಸಿನಲ್ಲಿ ತುಂಬಿದ ಗಾಳಿ ಶಾಖದಿಂದ ಏಳೆಂಟು ಪೌಂಡು ಏರುವುದುಂಟಾದ್ದರಿಂದ, ಅಳೆಯಬೇಕಾದದ್ದು ಹೊರಡುವಾಗಿನ ಗಾಳಿಯನ್ನಲ್ಲ, ಓಣಿಯಿಂದ ಬಂದು ನಿಂತ ಕ್ಷಣದ್ದನ್ನು. ಆಗಲೇ ಶಾಖವನ್ನಳೆಯುವ ಸೂಜಿಮಾಪಕವನ್ನು ರಬ್ಬರಿನ ಒಳಗಂಚು, ನಡು, ಹೊರಗಂಚುಗಳಿಗೆ ಚುಚ್ಚಿ ನೋಡಿದರೆ, ನಡು ಹೆಚ್ಚು ಕಾಯ್ದಿದ್ದಲ್ಲಿ ಗಾಳಿ ಅತಿಯಾಯಿತೆಂದೂ, ಒಳಗಂಚು ಬಹಳ ಕಾಯ್ದಿದ್ದಲ್ಲಿ ಗಾಲಿಯ ಓರೆ ಅತಿಯಾಯಿತೆಂದೂ ತಿಳಿಯುವುದು.

ಹೊಸ ಸ್ಲಿಕ್ಕುಗಳ ಬೆಲೆ ಕೇಳಿ ಎದೆಗುಂದಿದವರು ಪಂದ್ಯದ ತಂಡಗಳು ಬಿಸುಟ ಟೈರುಗಳನ್ನು ಅಗ್ಗಕ್ಕೆ ಕೊಳ್ಳುವರು. ಮೈಮೇಲಿನ ಸಣ್ಣ ಕುಳಿಗಳು ಸವೆತವನ್ನು ತಿಳಿಸುವ ಗುರುತುಗಳು; ಅವು ಆಳವಾಗಿ ಉಳಿದಿದ್ದರೆ ರಬ್ಬರು ಬೇಕಾದಷ್ಟಿದೆ, ಆದರೆ ಹದವಿದೆಯೆಂದಲ್ಲ. ಕಾಯ್ದು ಆರಿದಷ್ಟೂ ರಬ್ಬರು ಗಡುಸಾಗುತ್ತ ಹೋಗುವುದು. ಅಟ್ಟದ ಮೇಲಿನ ಕಾಯನ್ನು ಕಿವಿಯ ಬಳಿ ಅಲುಗಿಸಿ ಒಳಗಿನ ಕೊಬ್ಬರಿ ಬಿಟ್ಟಿದೆಯೇ ಎಂದು ಹೇಳಬಲ್ಲ ತಿಪಟೂರಿನ ವ್ಯಾಪಾರಿಗೂ ಇಲ್ಲಿ ಕಿವಿ ನೆರವಾಗದು. ಡ್ಯೂರೋಮೀಟರೆಂಬ ಚಿಕ್ಕ ಮುಳ್ಳಿನ ಉಪಕರಣವನ್ನು ಒತ್ತಿ ಗಡಸುತನದ ಅಂಕಿಯನ್ನು ಓದಬೇಕು. ಬಲ್ಲವರು ಅದನ್ನು ಮೊದಲು ಒತ್ತುವುದು ಮುಂದಿನ ಜೊತೆಯ ಮೇಲೆ.